ಗೇರ್‌ಬಾಕ್ಸ್‌ಗಿಂತ ಮುಂಚೆ ಆಯಿಲ್ ಕೆಡುತ್ತೆ

(ದಾವಣಗೆರೆಯಲ್ಲಿ ಕಾರು ಮಾಲೀಕರು, ಟ್ಯಾಕ್ಸಿ ಓಡಿಸುವವರು ಮತ್ತು ಡಿಪ್ಲೊಮಾ ಹುಡುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಗ್ಯಾರೇಜಿಗೆ ಬರುವವರದ್ದು ಒಂದೇ ಪ್ರಶ್ನೆ. “ಸಿಟಿ ತಗೊಳ್ಳೋದಾ, ವೆರ್ನಾನಾ, ವರ್ಟಸ್ಸಾ? ಯಾವುದರ ಗೇರ್‌ಬಾಕ್ಸ್ ಬಾಳಿಕೆ ಬರುತ್ತೆ ಹೇಳ್ರಿ.” ಹೋಂಡಾ, ಹ್ಯುಂಡೈ, ಫೋಕ್ಸ್‌ವ್ಯಾಗನ್ ಕಂಪನಿಗಳ ಸೆಡಾನುಗಳು ಇವು. ಒಂದು ಹೆಸರು ಹೇಳಿ ಕಳಿಸಿದರೆ ಅವರಿಗೂ ಸಮಾಧಾನ, ನನಗೂ ಕೆಲಸ ಮುಗಿಯಿತು. ಆದರೆ ಹಾಗೆ ಹೇಳೋಕೆ ಬರೋದಿಲ್ಲ. ಯಾಕೆ ಅಂದರೆ ಕಾರಿನ ಹೆಸರು ಬೇರೆ, ಒಳಗಿರುವ ಗೇರ್‌ಬಾಕ್ಸ್ ಬೇರೆ. 2022ರ ವರ್ಟಸ್‌ನಲ್ಲಿ 1.0 ಲೀಟರ್ ಎಂಜಿನ್ನಿನ ಆಟೊಮ್ಯಾಟಿಕ್ ತಗೊಂಡರೆ ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಆಯಿಲ್ ಮೂಲಕ ಶಕ್ತಿ ದಾಟಿಸುವ ಬಾಕ್ಸು ಸಿಗುತ್ತೆ, 1.5 ತಗೊಂಡರೆ ಏಳು ಗೇರಿನ, ಎರಡು ಕ್ಲಚ್ಚಿನ ಡಿಎಸ್‌ಜಿ. 2023ರ ವೆರ್ನಾದಲ್ಲಿ ಸಾದಾ ಪೆಟ್ರೋಲಿಗೆ ಬೆಲ್ಟಿನ ಐವಿಟಿ, ಟರ್ಬೊಗೆ ಎರಡು ಕ್ಲಚ್ಚಿನ ಡಿಸಿಟಿ. ಶೋರೂಮಿನಲ್ಲಿ ಪಕ್ಕಪಕ್ಕ ನಿಂತಿರುತ್ತವೆ, ಬಣ್ಣವೂ ಒಂದೇ, ಹೊಟ್ಟೆಯೊಳಗಿನ ಯಂತ್ರಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಹೋಂಡಾ ಸಿಟಿಯನ್ನೇ ತಗೊಳ್ಳಿ. 1998ರಲ್ಲಿ ನಮ್ಮ ದೇಶಕ್ಕೆ ಬಂದ ಕಾರು. ಮನೆ ಕಟ್ಟಿಸಿದ ಮೇಲೆ ಮುಂದೆ ಒಂದು ಸಿಟಿ ನಿಲ್ಲಿಸಬೇಕು ಅನ್ನೋದು ಈ ಕಡೆ ಎಷ್ಟೋ ಜನರ ಆಸೆಯಾಗಿತ್ತು. 2003ರಲ್ಲಿ ಬಂದ ತಲೆಮಾರಿಗೆ ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟಿನ ಬಾಕ್ಸು ಕೊಟ್ಟರು. 2008ರ ತಲೆಮಾರಿನಲ್ಲಿ ಅದನ್ನು ಬಿಟ್ಟು ಐದು ಗೇರಿನ ಟಾರ್ಕ್ ಕನ್ವರ್ಟರ್ ಹಾಕಿದರು. 2014ರಲ್ಲಿ ಮತ್ತೆ ಸಿವಿಟಿಗೆ ಹೋದರು. ಆದರೆ ಹಳೆಯ ಸಿವಿಟಿ ಅಲ್ಲ. ಹಳೆಯದರಲ್ಲಿ ಕಾರನ್ನು ನಿಂತಲ್ಲಿಂದ ಎಳೆಯೋಕೆ ಸ್ಟಾರ್ಟ್ ಕ್ಲಚ್ ಅಂತ ಒಂದು ಇತ್ತು, ಹೊಸದರಲ್ಲಿ ಆ ಕೆಲಸಕ್ಕೆ ಟಾರ್ಕ್ ಕನ್ವರ್ಟರ್ ಇದೆ. ಎರಡಕ್ಕೂ ಆಯಿಲ್ ಬೇರೆ. ಹಾಗಾಗಿ “ಸಿಟಿ ಆಟೊಮ್ಯಾಟಿಕ್ ಗಟ್ಟಿ” ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು, ಯಾವ ವರ್ಷದ್ದು?

ಇವತ್ತು ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕಬ್ಬಿಣ ಮೊದಲು ಸಾಯೋದಿಲ್ಲ. ಮೊದಲು ಸಾಯೋದು ಆಯಿಲ್. ಆಯಿಲನ್ನು ಕೊಲ್ಲೋದು ಬಿಸಿ. ಆ ಬಿಸಿ ಎಲ್ಲಿ ಹುಟ್ಟುತ್ತೆ, ಎಲ್ಲಿಂದ ಹೊರಗೆ ಹೋಗುತ್ತೆ ಅನ್ನೋದು ಗೊತ್ತಾದರೆ ಯಾವ ಬಾಕ್ಸು ನಿಮ್ಮ ಓಡಾಟಕ್ಕೆ ಹೊಂದುತ್ತೆ ಅಂತ ನೀವೇ ಲೆಕ್ಕ ಹಾಕಬಹುದು.

ಹರಿಹರದ ಕಡೆಯವರು ಇಲ್ಲಿ ಇದ್ದೀರಿ. ಮೈಸೂರು ಕಿರ್ಲೋಸ್ಕರ್‌ನ ಲೇತ್ ಮೇಲೆ ಕೈ ಪಳಗಿದ ಹಿರಿಯರು ಸ್ವಿಚ್ ಒತ್ತುವ ಮೊದಲು ಹೆಡ್‌ಸ್ಟಾಕಿನ ಆಯಿಲ್ ಗಾಜು ನೋಡುತ್ತಿದ್ದರು. ಅದೂ ಗೇರ್‌ಬಾಕ್ಸೇ. ಕಾರಿನವರು ಆ ಗಾಜನ್ನು ನಮಗೆ ಕೊಡಲಿಲ್ಲ, ಈಗೀಗ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕನ್ನೂ ಕಿತ್ತುಕೊಂಡಿದ್ದಾರೆ. ಕಣ್ಣಿಗೆ ಕಾಣದ್ದನ್ನು ಯಾರೂ ನೋಡೋದಿಲ್ಲ ಅಲ್ವಾ.

ಮೊದಲು ಬಿಸಿ ಹುಟ್ಟುವ ಜಾಗ ನೋಡೋಣ. ಎಂಜಿನ್ ಯಾವಾಗಲೂ ತಿರುಗುತ್ತಿರಬೇಕು, ಕಾರು ನಿಲ್ಲಬೇಕು. ಇವೆರಡರ ನಡುವೆ ಏನೋ ಒಂದು ಜಾರಲೇಬೇಕು. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ಪ್ಲೇಟ್ ಜಾರುತ್ತೆ. ಎಎಂಟಿಯಲ್ಲೂ ಅದೇ ಪ್ಲೇಟ್, ನಿಮ್ಮ ಕಾಲಿನ ಬದಲು ಯಂತ್ರ ಒತ್ತುತ್ತೆ. ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಟಾರ್ಕ್ ಕನ್ವರ್ಟರಿನಲ್ಲಿ ಜಾರುವುದು ಆಯಿಲೇ: ಒಂದು ಚಕ್ರ ಆಯಿಲನ್ನು ಎರಚುತ್ತೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತೆ. ಸಿವಿಟಿಯಲ್ಲಿ ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟು. ಪುಲ್ಲಿಯ ಬಾಯಿ ಅಗಲ ಆದರೆ ಬೆಲ್ಟು ಒಳಗೆ ಇಳಿಯುತ್ತೆ, ಕಿರಿದಾದರೆ ಮೇಲೆ ಏರುತ್ತೆ. ಗೇರ್ ಅನುಪಾತ ಹಾಗೆ ಬದಲಾಗುತ್ತೆ. ನಿಮ್ಮ ಮನೆಯ ಆಕ್ಟಿವಾದಲ್ಲೂ ಇದೇ ತತ್ವ, ಕೈನೆಟಿಕ್ ಹೋಂಡಾ ಕಾಲದಿಂದ ಓಡಿಸುತ್ತಲೇ ಇದ್ದೀರಿ. ಅಲ್ಲಿ ಒಣ ರಬ್ಬರ್ ಬೆಲ್ಟು, ಇಲ್ಲಿ ನೂರಾರು ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಪೋಣಿಸಿದ ಬೆಲ್ಟು, ಅದೂ ಆಯಿಲ್‌ನಲ್ಲಿ ಮುಳುಗಿಕೊಂಡು. ಕಾರಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಂದವರು ಹಾಲೆಂಡಿನ ಡಾಫ್ ಕಂಪನಿಯವರು, 1958ರಲ್ಲಿ. ಅದರಲ್ಲೂ ರಬ್ಬರ್ ಬೆಲ್ಟೇ ಇತ್ತು.

ಈಗ ಒಂದು ಲೆಕ್ಕ. ಡಿಪ್ಲೊಮಾ ಹುಡುಗರು ಬರ್ಕೊಳ್ಳಿ. ಸಿಟಿಯಂಥ ಸೆಡಾನ್, ಐದು ಜನ, ಡಿಕ್ಕಿ ತುಂಬ ಸಾಮಾನು, ಒಟ್ಟು 1,500 ಕೆಜಿ ಅಂತ ಇಟ್ಟುಕೊಳ್ಳಿ. ನೂರು ಅಡಿಗೆ ಹತ್ತು ಅಡಿ ಏರುವ ದಿಬ್ಬ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಹತ್ತಿದವರಿಗೆ ಇಂಥ ಏರು ಗೊತ್ತು. ಮುಂದಿನ ಗಾಡಿ ನಿಂತಿತು. ನೀವು ಬ್ರೇಕ್ ಒತ್ತದೆ, ಸ್ವಲ್ಪವೇ ರೇಸ್ ಕೊಟ್ಟು ಕಾರು ಹಿಂದೆ ಜಾರದ ಹಾಗೆ ಹಿಡಿದುಕೊಂಡಿದ್ದೀರಿ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ 1,470 ನ್ಯೂಟನ್. ಚಕ್ರದ ತ್ರಿಜ್ಯ 0.3 ಮೀಟರ್ ಅಂದರೆ ಚಕ್ರಕ್ಕೆ ಬೇಕಾದ ಟಾರ್ಕ್ 440 ನ್ಯೂಟನ್ ಮೀಟರ್. ಮೊದಲ ಗೇರು, ಡಿಫರೆನ್ಷಿಯಲ್ ಎರಡೂ ಸೇರಿ 14 ಪಟ್ಟು ಅಂತ ಹಿಡಿದರೆ ಕ್ಲಚ್ಚಿನ ಮೇಲೆ 31. ಎಂಜಿನ್ 1,000 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಆ ಕಡೆ ಚಕ್ರ ನಿಂತಿದೆ. ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ 3.3 ಕಿಲೋವ್ಯಾಟ್. ಬಚ್ಚಲು ಮನೆಯ ದೊಡ್ಡ ಗೀಸರ್ ಒಂದನ್ನು ಊಟದ ತಟ್ಟೆಯಷ್ಟು ಅಗಲದ ಪ್ಲೇಟಿನ ಮೇಲೆ ಆನ್ ಮಾಡಿ ಇಟ್ಟ ಹಾಗೆ. ಕಾರು ಒಂದಿಂಚು ಮುಂದೆ ಹೋಗಿಲ್ಲ.

ಆ ಬಿಸಿ ಎಲ್ಲಿಗೆ ಹೋಗಬೇಕು? ಒಣ ಕ್ಲಚ್ಚಾದರೆ ಗಾಳಿಗೆ, ಅದೂ ಮುಚ್ಚಿದ ಬೆಲ್ ಹೌಸಿಂಗಿನೊಳಗಿನ ಗಾಳಿಗೆ. ಹಸಿ ಕ್ಲಚ್ಚಾದರೆ ಆಯಿಲ್‌ಗೆ. ಟಾರ್ಕ್ ಕನ್ವರ್ಟರಾದರೆ ಆಯಿಲ್‌ಗೆ ಹೋಗಿ, ಅಲ್ಲಿಂದ ಕೂಲರಿಗೆ, ಅಲ್ಲಿಂದ ರೇಡಿಯೇಟರ್ ನೀರಿಗೆ. ಹಾಗಾಗಿ ಟ್ರಾಫಿಕ್ಕಿನಲ್ಲಿ ತೆವಳುವುದೇ ಹೆಚ್ಚು ಇರುವವರಿಗೆ ಟಾರ್ಕ್ ಕನ್ವರ್ಟರ್ ಇರುವ ಬಾಕ್ಸು ಹೆಚ್ಚು ತಡೆದುಕೊಳ್ಳುತ್ತೆ ಅಂತ ನಾನು ಹೇಳೋದು. ಹೈವೇಯಲ್ಲೇ ಜಾಸ್ತಿ ಓಡುವವರಿಗೆ ಡಿಸಿಟಿ ಏನೂ ಕೆಟ್ಟದ್ದಲ್ಲ. ಕ್ಲಚ್ ಒಂದು ಸಲ ಹಿಡಿದರೆ ಜಾರುವ ಪ್ರಶ್ನೆಯೇ ಇಲ್ಲ, ಬೆಂಗಳೂರಿನವರೆಗೆ ತಣ್ಣಗೆ ಹೋಗಿ ಬರುತ್ತೆ.

“ಸರ್, ಹಾಗಾದರೆ ಈ ರಿಕಾಲು ಪಿಕಾಲು ಎಲ್ಲ ಓಡಿಸುವವರ ತಪ್ಪಿಗೆ ಆಗೋದಾ?” ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ರಿಕಾಲು ಅಂದರೆ ಮಾರಿದ ಗಾಡಿಗಳನ್ನು ಕಂಪನಿಯೇ ರಿಪೇರಿಗೆ ವಾಪಸ್ ಕರೆಯುವುದು. ಒಳ್ಳೆಯ ಪ್ರಶ್ನೆ. ಇಲ್ಲ. ಕಂಪನಿಯವರೂ ಬಿಸಿಯ ಲೆಕ್ಕ ತಪ್ಪುತ್ತಾರೆ, ದೊಡ್ಡ ದೊಡ್ಡವರೇ ತಪ್ಪಿದ್ದಾರೆ.

ಅಮೆರಿಕದಲ್ಲಿ ಮನೆಮಂದಿಗೆಲ್ಲ ಒಂದು ಕಾರು ಅಂದರೆ ದಶಕಗಳ ಕಾಲ ಅಕಾರ್ಡ್ ಇಲ್ಲ ಕ್ಯಾಮ್ರಿ. ಹೋಂಡಾ ಅಂದರೆ ಕೆಡದ ಕಾರು ಅನ್ನೋ ಹೆಸರು. ಅಂಥ ಹೋಂಡಾ 2004ರ ಏಪ್ರಿಲ್‌ನಲ್ಲಿ ಸುಮಾರು 11 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. 2003–04ರ ಆರು ಸಿಲಿಂಡರಿನ ಅಕಾರ್ಡ್, ಒಡಿಸ್ಸಿ ವ್ಯಾನು, ಪೈಲಟ್ ಎಲ್ಲ ಅದರಲ್ಲಿ ಇದ್ದವು. ಐದು ಗೇರಿನ ಆಟೊಮ್ಯಾಟಿಕ್. ಹೋಂಡಾದವರ ಆಗಿನ ಆಟೊಮ್ಯಾಟಿಕ್‌ಗಳು ಬೇರೆಯವರ ಹಾಗೆ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಪ್ಲಾನೆಟರಿ ಗೇರಿನವಲ್ಲ; ಮ್ಯಾನುಯಲ್ ಬಾಕ್ಸಿನ ಹಾಗೆ ಪಕ್ಕಪಕ್ಕದ ಶಾಫ್ಟುಗಳ ಮೇಲೆ ಜೋಡಿ ಗೇರುಗಳು, ಪ್ರತಿ ಜೋಡಿಗೂ ಒಂದು ಹೈಡ್ರಾಲಿಕ್ ಕ್ಲಚ್. ಕಷ್ಟ ಬಂದದ್ದು ಎರಡನೇ ಗೇರಿಗೆ. ಕೆಲವು ಸಂದರ್ಭದಲ್ಲಿ ಆ ಜೋಡಿಗೆ ಆಯಿಲ್ ಸಾಲದೆ ಬಿಸಿ ಏರುತ್ತಿತ್ತು. ಹಾಗೇ ಬಿಟ್ಟರೆ ಹಲ್ಲು ಚಕ್ಕೆ ಏಳಬಹುದು, ಮುರಿಯಬಹುದು, ಓಡುತ್ತಿರುವಾಗಲೇ ಬಾಕ್ಸು ಕಚ್ಚಿಕೊಳ್ಳಬಹುದು.

ರಿಪೇರಿ ಏನು ಮಾಡಿದರು ಗೊತ್ತಾ? ನನಗೆ ಬಹಳ ಇಷ್ಟವಾದ ಭಾಗ ಇದು. 15,000 ಮೈಲಿ, ಅಂದರೆ ಸುಮಾರು 24,000 ಕಿಲೋಮೀಟರಿಗಿಂತ ಕಡಿಮೆ ಓಡಿದ ಗಾಡಿಗಳಲ್ಲಿ ಬಾಕ್ಸು ಬಿಚ್ಚಲೇ ಇಲ್ಲ. ಕೂಲರಿನಿಂದ ವಾಪಸ್ ಬರುವ ಆಯಿಲ್ ಪೈಪಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ, ತಣ್ಣಗಾದ ಆಯಿಲ್ ಹೋಗಿ ಎರಡನೇ ಗೇರಿನ ಮೇಲೆ ಬೀಳುವ ಹಾಗೆ ಒಂದು ಜೆಟ್ ಕೊಟ್ಟರು. ಅಷ್ಟೇ. ಅದಕ್ಕಿಂತ ಹೆಚ್ಚು ಓಡಿದ್ದರೆ ಗೇರಿನ ಬಣ್ಣ ನೋಡಿದರು. ಬಿಸಿಗೆ ಉಕ್ಕು ಬಣ್ಣ ತಿರುಗುತ್ತೆ, ಗ್ರೈಂಡಿಂಗ್ ಕೆಲಸದವರು ದಿನಾ ನೋಡುತ್ತೀರಿ. ಬಣ್ಣ ತಿರುಗಿದ್ದರೆ ಇಡೀ ಬಾಕ್ಸು ಬದಲು. ಇಲ್ಲದಿದ್ದರೆ ಅದೇ ಜೆಟ್ಟು. 11 ಲಕ್ಷ ಗಾಡಿಗಳ ಹಣೆಬರಹ ಒಂದು ಆಯಿಲ್ ಧಾರೆ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ನಿಂತಿತ್ತು. ಅದೇ ಕಾಲದ ನಾಲ್ಕು ಸಿಲಿಂಡರಿನ ಅಕಾರ್ಡ್ ಆ ರಿಕಾಲಿನಲ್ಲಿ ಇರಲಿಲ್ಲ. ಬೋನೆಟ್ ಮೇಲಿನ ಹೆಸರು ಅದೇ, ಗುರುತೂ ಅದೇ.

ಫೋಕ್ಸ್‌ವ್ಯಾಗನ್ ಕಥೆ ಇನ್ನೂ ವಿಚಿತ್ರ. ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿಗೆ ಅವರು ಸಿಂಥೆಟಿಕ್ ಆಯಿಲ್ ಹಾಕಿದ್ದರು. ದುಬಾರಿ ಆಯಿಲ್, ಒಳ್ಳೆಯ ಆಯಿಲ್. ಸೆಕೆ ಮತ್ತು ತೇವ ಎರಡೂ ಹೆಚ್ಚಿರುವ ದೇಶಗಳಲ್ಲಿ ಆ ಬಾಕ್ಸುಗಳ ಎಲೆಕ್ಟ್ರಿಕಲ್ ಭಾಗ ಕೈಕೊಡಲು ಶುರುವಾಯಿತು. ತಣ್ಣನೆಯ ಜರ್ಮನಿಯಲ್ಲಿ ಸರಿಯಿದ್ದ ಆಯಿಲ್ ಸೆಕೆಯಲ್ಲಿ ಒಳಗಿನ ಕರೆಂಟಿಗೇ ಕಂಟಕವಾಯಿತು. 2013ರ ಮಾರ್ಚ್‌ನಲ್ಲಿ ಚೀನಾ ಒಂದರಲ್ಲೇ 3,84,181 ಕಾರುಗಳ ರಿಕಾಲ್. ಅದೇ ವರ್ಷದ ನವೆಂಬರ್ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ. ಪರಿಹಾರ? ಸಿಂಥೆಟಿಕ್ ತೆಗೆದು ಮಿನರಲ್ ಆಯಿಲ್ ಹಾಕಿದರು. “ಸಿಂಥೆಟಿಕ್ ಹಾಕಿಸ್ರಿ, ಅದೇ ಬೆಸ್ಟು” ಅಂತ ಕಣ್ಣು ಮುಚ್ಚಿ ಹೇಳುವ ಅಂಗಡಿಯವರಿಗೆ ನಾನು ಈ ಕಥೆ ಹೇಳುತ್ತೇನೆ.

ಫೋರ್ಡ್‌ನವರ ಪವರ್‌ಶಿಫ್ಟ್ ಕೂಡ ಒಣ ಕ್ಲಚ್ಚಿನದೇ. ಫೋಕಸ್, ಫಿಯೆಸ್ಟಾ ಕಾರುಗಳಲ್ಲಿ ಹೊರಡುವಾಗ ಗದಗದ ನಡುಗುತ್ತೆ ಅಂತ ದೂರು. ಆಸ್ಟ್ರೇಲಿಯಾದಲ್ಲಿ ದೂರು ತಂದವರಿಗೆ ಕಂಪನಿ ಹೇಳಿದ್ದು, ನೀವು ಓಡಿಸುವ ರೀತಿ ಸರಿಯಿಲ್ಲ ಅಂತ. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು, 2018ರಲ್ಲಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಹಿಂದಿನ ಸಾಲಿನ ಅಣ್ಣನವರ ಪ್ರಶ್ನೆಗೆ ಇದೇ ಉತ್ತರ. ನಾನು ಬಿಸಿ, ಆಯಿಲು, ಓಡಿಸುವ ರೀತಿ ಅಂತ ಹೇಳುತ್ತಿರುವುದನ್ನು ಕಂಪನಿಯವರ ಪರವಾಗಿ ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ವಾರಂಟಿಯೊಳಗೆ ನಡುಕ ಬಂದರೆ ಬರವಣಿಗೆಯಲ್ಲಿ ದೂರು ಕೊಡಿ, ಜಾಬ್ ಕಾರ್ಡಿನಲ್ಲಿ ನೀವು ಹೇಳಿದ ಮಾತೇ ಬರೆಸಿ. “ಜನರಲ್ ಚೆಕಪ್” ಅಂತ ಬರೆದರೆ ಸಹಿ ಹಾಕಬೇಡಿ.

ನಿಸಾನ್ ಆಲ್ಟಿಮಾ ಬಗ್ಗೆ ಒಂದೇ ಮಾತು. 2013ರಿಂದ 2016ರವರೆಗಿನ ಕಾರುಗಳ ಸಿವಿಟಿ ಬಗ್ಗೆ ದೂರು ಹೆಚ್ಚಾಗಿ, ಮೊಕದ್ದಮೆ ನಡೆದು, ಕೊನೆಗೆ ಅಮೆರಿಕದಲ್ಲಿ ವಾರಂಟಿಯನ್ನು 60 ತಿಂಗಳಿಂದ 84 ತಿಂಗಳಿಗೆ ಏರಿಸಿದರು. ಇದನ್ನು ಓದಿ ನಮ್ಮಲ್ಲೂ ಎಷ್ಟೋ ಜನ ಸಿವಿಟಿ ಅಂದರೆ ಬೆಚ್ಚಿಬೀಳುತ್ತಾರೆ. ಅದು ಆ ಕಾರಿನ ಆ ಬಾಕ್ಸಿನ ಕಥೆ. ಅದನ್ನು ತಂದು ಸಿಟಿಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಈಗ ನಮ್ಮ ಊರಿಗೆ ಬರೋಣ.

ನಿಮ್ಮ ಕಾರಿನ ಕೈಪಿಡಿ ತೆಗೆದು ನೋಡಿ. ಸರ್ವೀಸ್ ಪಟ್ಟಿಯಲ್ಲಿ ಎರಡು ಲೆಕ್ಕ ಇರುತ್ತೆ: ಸಾಮಾನ್ಯ ಬಳಕೆ, ಕಠಿಣ ಬಳಕೆ. ಕಠಿಣ ಅಂದರೆ ಏನು ಅಂತ ಅವರೇ ಬರೆದಿರುತ್ತಾರೆ. ವಿಪರೀತ ಬಿಸಿಲು, ಧೂಳು, ಭಾರ ಹೊತ್ತು ಓಡುವುದು, ಏರು ರಸ್ತೆ, ನಿಂತು ನಿಂತು ಹೋಗುವುದು. ಓದುತ್ತಾ ಹೋದರೆ ಯಾರೋ ಚಳ್ಳಕೆರೆಯಲ್ಲಿ ಕೂತು ಬರೆದಿದ್ದಾರೇನೋ ಅನಿಸುತ್ತೆ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆ ಅನ್ನೋದೇ ಇಲ್ಲ. ಆದರೂ ಎಲ್ಲರೂ ಸಾಮಾನ್ಯದ ಕಾಲಂ ನೋಡಿ ಆಯಿಲ್ ಮುಂದೂಡುತ್ತಾರೆ.

ಫಾಲ್ಗುಣದಲ್ಲಿ ನಾಯಕನಹಟ್ಟಿ ತೇರಿಗೆ ಹೋದವರು ನೆನಪಿಸಿಕೊಳ್ಳಿ. ಮಧ್ಯಾಹ್ನದ ಬಿಸಿಲು, ಎಸಿ ಫುಲ್ಲು, ಮುಂದೆ ಟ್ರ್ಯಾಕ್ಟರು, ಹಿಂದೆ ಬಸ್ಸು, ನಡೆದು ಹೋಗುವವರೇ ನಮಗಿಂತ ಮುಂದೆ. ಡಿಸಿಟಿಗೆ ಇದಕ್ಕಿಂತ ಕಷ್ಟದ ದಿನ ಇಲ್ಲ. ಮುಂದಿನ ಗಾಡಿ ಒಂದು ಮೊಳ ಸರಿದ ತಕ್ಷಣ ನಾವೂ ಒಂದು ಮೊಳ ಸರಿಯುತ್ತೇವೆ. ಪ್ರತಿ ಸಲ ಕ್ಲಚ್ ಅರ್ಧ ಹಿಡಿದು ಬಿಡುತ್ತೆ. ಹಾಗೆ ಮಾಡಬೇಡಿ. ಎರಡು ಗಾಡಿ ಹಿಡಿಯುವಷ್ಟು ಜಾಗ ಆಗಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಹೋಗಿ ಮತ್ತೆ ಪೂರ್ತಿ ನಿಲ್ಲಿಸಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯ ಗುರುತು ಬಂದರೆ ಪಕ್ಕಕ್ಕೆ ಹಾಕಿ ಇಳಿದುಬಿಡಿ. “ಮಾಡಿದಷ್ಟು ನೀಡು ಭಿಕ್ಷೆ” ಅಂದ ತಿಪ್ಪೇರುದ್ರಸ್ವಾಮಿಯ ಊರಲ್ಲೇ ಇರುತ್ತೀರಲ್ಲ, ಗೇರ್‌ಬಾಕ್ಸಿಗೂ ಅದೇ ಲೆಕ್ಕ.

ಇನ್ನೊಂದು, ಇದನ್ನು ಯಾವ ಕೈಪಿಡಿಯೂ ನಮ್ಮ ಊರಿನ ಹೆಸರು ಹಾಕಿ ಬರೆಯೋದಿಲ್ಲ. ಬೋರ್‌ವೆಲ್ ನೀರು. ಚಿತ್ರದುರ್ಗದ ಕಡೆಯ ನೀರಿನ ಗಡಸುತನ ನಿಮ್ಮ ಪಾತ್ರೆ, ನಲ್ಲಿಗಳ ಮೇಲೆ ಬಿಳಿ ಪದರವಾಗಿ ಕೂತಿರುತ್ತೆ. ಕೂಲೆಂಟ್ ಕಡಿಮೆಯಾದರೆ ನಮ್ಮ ಜನ ಅದೇ ನೀರನ್ನು ಬಾಟಲಿಯಲ್ಲಿ ತಂದು ರೇಡಿಯೇಟರಿಗೆ ಸುರಿಯುತ್ತಾರೆ. ಆ ಪದರ ಒಳಗೂ ಕೂರುತ್ತೆ. ಎಂಜಿನ್ ಬಿಸಿ ಮುಳ್ಳು ನಡುವೆಯೇ ನಿಂತಿರುತ್ತೆ, ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ. ಆದರೆ ಹೆಚ್ಚಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ತಣ್ಣಗಾಗಬೇಕಾದ್ದೂ ಅದೇ ಕೂಲೆಂಟಿನಿಂದ. ಆಯಿಲ್‌ಗೆ ಪ್ರತ್ಯೇಕ ಮುಳ್ಳು ನಿಮ್ಮ ಮುಂದೆ ಇಲ್ಲ. ಒರಟು ಲೆಕ್ಕ ಒಂದು ಇದೆ: ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಆಯಿಲ್‌ನ ಆಯುಷ್ಯ ಹೆಚ್ಚೂಕಡಿಮೆ ಅರ್ಧ ಆಗುತ್ತೆ. 90ರಲ್ಲಿ ಇರಬೇಕಾದ್ದು 110ಕ್ಕೆ ಹೋದರೆ ಕಾಲು ಭಾಗ ಉಳಿಯಿತು. ಹತ್ತಿಪ್ಪತ್ತು ರೂಪಾಯಿಯ ಡಿಸ್ಟಿಲ್ಡ್ ವಾಟರಿನ ಮುಖ ನೋಡಿ ಗೇರ್‌ಬಾಕ್ಸ್ ಕಳಕೊಂಡವರನ್ನು ನಾನು ನೋಡಿದ್ದೇನೆ. ಬಾಕ್ಸು ಹೋದರೆ ಬಿಲ್ಲು ಲಕ್ಷ ದಾಟುವುದು ಸಾಮಾನ್ಯ.

ಆಯಿಲ್‌ನ ವಿಷಯ ಬಂದಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಒಂದು ನಂಬಿಕೆ: ಆಯಿಲ್ ಅಂದರೆ ಆಯಿಲ್, ಕೆಂಪಗಿದ್ದರೆ ಆಟೊಮ್ಯಾಟಿಕ್ಕಿಗೆ ನಡೆಯುತ್ತೆ. ಒಂದು ಸಿವಿಟಿ ಸೆಡಾನ್ ನನ್ನ ಹತ್ತಿರ ಟೋ ಆಗಿ ಬಂತು. ರೇಸ್ ಕೊಟ್ಟರೆ ಎಂಜಿನ್ ಕೂಗುತ್ತೆ, ಕಾರು ಹೋಗೋದಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದೆ. ಅದರ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತೆ. ಆರೋಗ್ಯವಾಗಿರುವ ಬಾಕ್ಸಿನಲ್ಲೂ ಅದರ ಮೇಲೆ ಬೂದು ಬಣ್ಣದ ಪೇಸ್ಟು ಕೂತಿರುತ್ತೆ, ಬೆರಳಲ್ಲಿ ತಿಕ್ಕಿದರೆ ಕಾಡಿಗೆ ಥರ ನುಣ್ಣಗೆ, ಅದಕ್ಕೆ ಹೆದರಬೇಕಾಗಿಲ್ಲ. ಇದರಲ್ಲಿ ಪೇಸ್ಟಿನ ಜೊತೆ ಉಗುರಿಗೆ ಚುಚ್ಚುವ ಚೂರುಗಳು ನಿಂತಿದ್ದವು. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟೆ. ನಡುವೆ ಕಪ್ಪು ಮಚ್ಚೆ ಅಲ್ಲಾಡದೆ ಕೂತಿತು, ಸುತ್ತ ಸಣ್ಣ ಹೊಳಪು. ಮೂಗಿಗೆ ಸುಟ್ಟ ವಾಸನೆ. ಮಾಲೀಕರನ್ನು ಕೇಳಿದರೆ, ಎಲ್ಲೋ ಆಯಿಲ್ ಚೇಂಜ್ ಮಾಡಿಸಿದ್ದರು, ಹಾಕಿದ್ದು ಸಾದಾ ಎಟಿಎಫ್, ಅಂದರೆ ಗೇರು ಬದಲಾಗುವ ಮಾಮೂಲಿ ಆಟೊಮ್ಯಾಟಿಕ್ಕಿನ ಆಯಿಲ್. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಉಕ್ಕಿನ ಪುಲ್ಲಿಯನ್ನು ಜಾರದಂತೆ ಹಿಡಿಯಬೇಕು. ಅದರ ಆಯಿಲ್ ಆ ಹಿಡಿತಕ್ಕಾಗಿಯೇ ಮಾಡಿದ್ದು. ಎಟಿಎಫ್‌ನಲ್ಲಿ ಇರುವುದು ಕ್ಲಚ್ ಪ್ಲೇಟುಗಳು ಜರ್ಕ್ ಹೊಡೆಯದೆ ನಯವಾಗಿ ಕೂಡಿಕೊಳ್ಳಲಿ ಅನ್ನುವ ರಸಾಯನ. ಬೆಲ್ಟು ಜಾರಿತು, ಪುಲ್ಲಿಯ ಮೈ ಗೀಚಿತು, ಗೀಚಿದ ಮೇಲೆ ಯಾವ ಆಯಿಲ್ ಹಾಕಿದರೂ ಅಷ್ಟೆ.

ಒಂದೇ ಕಂಪನಿಯ ಸಿವಿಟಿ ಆಯಿಲುಗಳೂ ಒಂದಕ್ಕೊಂದು ಬದಲಿಯಲ್ಲ. ಹೋಂಡಾದಲ್ಲೇ ಹಳೆಯ ಸಿವಿಟಿಗೆ ಎಚ್‌ಎಂಎಂಎಫ್, ಈಚಿನದಕ್ಕೆ ಎಚ್‌ಸಿಎಫ್-2. 2003ರ ತಲೆಮಾರಿನ ಸಿಟಿ ಹೊರಡುವಾಗ ನಡುಗಿದರೆ ಬಹಳ ಸಲ ಸ್ಟಾರ್ಟ್ ಕ್ಲಚ್ಚಿನ ಹತ್ತಿರ ಆಯಿಲ್ ಹಳತಾಗಿರುತ್ತೆ. ಸರಿಯಾದ ಆಯಿಲ್ ಹಾಕಿ ಕ್ಲಚ್ ಕ್ಯಾಲಿಬ್ರೇಷನ್ ಮಾಡಿದರೆ ಎಷ್ಟೋ ಸಲ ನಡುಕ ನಿಲ್ಲುತ್ತೆ. ಬಾಕ್ಸು ಹೋಯಿತು ಅಂತ ಯಾರಾದರೂ ಹೇಳಿದ ತಕ್ಷಣ ನಂಬಬೇಡಿ. ಡಬ್ಬಿಯ ಮೇಲಿನ ಹೆಸರನ್ನು ಕೈಪಿಡಿಯ ಹೆಸರಿಗೆ ಅಕ್ಷರ ಅಕ್ಷರ ಹೋಲಿಸಿ. ಡಬ್ಬಿ ನಿಮ್ಮ ಎದುರೇ ಒಡೆಯಲಿ.

ಒಬ್ಬರು ಮೇಷ್ಟ್ರು ಕೇಳಿದರು, “ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಆಟೊಮ್ಯಾಟಿಕ್ ಆಯಿಲ್ ಮುಟ್ಟಲೇಬಾರದಂತೆ, ಮುಟ್ಟಿದರೆ ಬಾಕ್ಸು ಹೋಗುತ್ತಂತೆ. ಹೌದೇನ್ರಿ?”

ಈ ಮಾತಿನಲ್ಲಿ ಅರ್ಧ ನಿಜ ಇದೆ. ಜನ ಆಯಿಲ್ ಬದಲಿಸಲು ಬರುವುದು ಯಾವಾಗ? ಬಾಕ್ಸು ಜಾರಲು, ಹೊಡೆಯಲು ಶುರು ಮಾಡಿದ ಮೇಲೆ. ಅಷ್ಟರಲ್ಲಿ ಕ್ಲಚ್ ಪ್ಲೇಟಿನ ಲೈನಿಂಗ್ ಸವೆದು ಹೋಗಿರುತ್ತೆ. ಆಯಿಲ್ ಬದಲಿಸಿದ ಮರುವಾರ ಬಾಕ್ಸು ನಿಂತರೆ ಊರಿಗೆಲ್ಲ ಕಾಣುವುದು ಆಯಿಲ್ ಬದಲಿಸಿದ್ದು ಮಾತ್ರ. ಇನ್ನೊಂದು ಕಾರಣವೂ ಇದೆ: ಮಷೀನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡುತ್ತಾರೆ. ತಳದಲ್ಲಿ ಸುಮ್ಮನೆ ಕೂತಿದ್ದ ಕಸ ಎದ್ದು, ಆಯಿಲನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಿ ಕೂರುತ್ತೆ. ಅದಕ್ಕೆ ನಾನು ಹಳೆಯ ಬಾಕ್ಸಿಗೆ ಫ್ಲಶ್ ಮಾಡೋದಿಲ್ಲ. ಡ್ರೈನ್ ಬೋಲ್ಟಿನಿಂದ ತಾನಾಗಿ ಬರುವಷ್ಟನ್ನು ಇಳಿಸಿ ಅಷ್ಟನ್ನೇ ಹಾಕುವುದು. ಟಾರ್ಕ್ ಕನ್ವರ್ಟರಿನೊಳಗೆ ಹಳೆಯದು ಉಳಿದೇ ಉಳಿಯುತ್ತೆ, ಉಳಿಯಲಿ. ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ. ಜಾರುವ ಲಕ್ಷಣ ಮೊದಲೇ ಇದ್ದರೆ ಮಾಲೀಕರಿಗೆ ಮುಂಚೆಯೇ ಹೇಳುತ್ತೇನೆ, ಇದು ಔಷಧಿಯಲ್ಲ, ಪ್ರಯತ್ನ ಅಂತ. ಏನೂ ತೊಂದರೆ ಇಲ್ಲದೆ ಲಕ್ಷ ದಾಟಿದ ಕಾರಿಗೆ ಆಯಿಲ್ ಬದಲಿಸಲು ಹೆದರುವ ಕಾರಣವೇ ಇಲ್ಲ ಮೇಷ್ಟ್ರೇ.

ಲೆವೆಲ್ ಬಗ್ಗೆ ಹುಡುಗರಿಗೆ ಒಂದು ಮಾತು. ಡಿಪ್‌ಸ್ಟಿಕ್ ಇಲ್ಲದ ಬಾಕ್ಸುಗಳಲ್ಲಿ ಆಯಿಲ್ ಇಂತಿಷ್ಟು ಬಿಸಿಯಲ್ಲಿ, ಕಾರು ಸಮತಟ್ಟಾಗಿ ನಿಂತಾಗ ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ತಣ್ಣಗಿರುವಾಗ ನೋಡಿ ತುಂಬಿಸಿದರೆ ಬಿಸಿಯಾದ ಮೇಲೆ ಆಯಿಲ್ ಹಿಗ್ಗಿ ಹೆಚ್ಚಾಗುತ್ತೆ, ನೊರೆ ಬರುತ್ತೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿ ಇಲ್ಲ.

ಮ್ಯಾನುಯಲ್ ಗೇರಿನವರು ನಮಗೇನೂ ಹೇಳಲಿಲ್ಲ ಅನ್ನಬೇಡಿ. ನಿಮ್ಮ ಬಾಕ್ಸು ಗಟ್ಟಿ, ನಿಮ್ಮ ಎಡಗಾಲೇ ಅದರ ಶತ್ರು. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಾಗ ಕ್ಲಚ್ ಒತ್ತಿಕೊಂಡೇ ಕಾದವರ ರಿಲೀಸ್ ಬೇರಿಂಗುಗಳು ನಮ್ಮ ಎಷ್ಟೋ ಗ್ಯಾರೇಜುಗಳಿಗೆ ಅನ್ನ ಹಾಕಿವೆ. ಗೇರ್ ಆಯಿಲ್ ಅವರಿಗೂ ಇದೆ, ಅದನ್ನು ಬದಲಿಸಬೇಕು ಅನ್ನೋದು ಅನೇಕರಿಗೆ ಗೊತ್ತೇ ಇಲ್ಲ. ಅಷ್ಟು ಸಾಕು. ಸಿಟಿಯ ಹೈಬ್ರಿಡ್ ಬಗ್ಗೆ ಒಂದು ಚೀಟಿ ಬಂದಿದೆ. 2022ರ ಇ-ಎಚ್‌ಇವಿಯಲ್ಲಿ ಬೆಲ್ಟೂ ಇಲ್ಲ, ಬದಲಾಗುವ ಗೇರೂ ಇಲ್ಲ. ಹೆಚ್ಚಿನ ಹೊತ್ತು ಮೋಟಾರೇ ಚಕ್ರ ತಿರುಗಿಸುತ್ತೆ, ಹೈವೇ ವೇಗದಲ್ಲಿ ಮಾತ್ರ ಕ್ಲಚ್ ಹಿಡಿದು ಎಂಜಿನ್ ನೇರ ಕೂಡಿಕೊಳ್ಳುತ್ತೆ. ಇವತ್ತಿನ ಮಾತಿನಲ್ಲಿ ಅದಕ್ಕೆ ಹೆಚ್ಚು ಪಾಲಿಲ್ಲ.

ಟ್ಯಾಕ್ಸಿಯವರಿಗೆ ಮುಖ್ಯವಾದದ್ದು ಟೋ ಮಾಡುವುದು. ಹಿರಿಯೂರು ದಾಟಿ ಗಾಡಿ ನಿಂತಿತು ಅಂತಿಟ್ಟುಕೊಳ್ಳಿ. ಪಕ್ಕದ ಹೊಲದಿಂದ ಟ್ರ್ಯಾಕ್ಟರ್ ಬರುತ್ತೆ, ಹಗ್ಗ ಕಟ್ಟುತ್ತಾರೆ, ನ್ಯೂಟ್ರಲ್ ಮಾಡಿ ಎಳೆದುಕೊಂಡು ಹೋಗುತ್ತಾರೆ. ಮ್ಯಾನುಯಲ್ ಆದರೆ ನಡೆಯುತ್ತೆ. ಆಟೊಮ್ಯಾಟಿಕ್‌ನಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿದೆ ಅಂದರೆ ಪಂಪ್ ನಿಂತಿದೆ, ಆದರೆ ಮುಂದಿನ ಚಕ್ರಗಳು ಬಾಕ್ಸಿನೊಳಗಿನ ಗೇರುಗಳನ್ನು ತಿರುಗಿಸುತ್ತಲೇ ಇರುತ್ತವೆ, ಒಣಗಿಕೊಂಡೇ. ಸೆಲ್ಫ್ ಮೋಟಾರ್ ಕೆಟ್ಟು ನಿಂತಿದ್ದ ಕಾರು ಊರು ಸೇರುವ ಹೊತ್ತಿಗೆ ಗೇರ್‌ಬಾಕ್ಸನ್ನೂ ಕಳಕೊಂಡಿರುತ್ತೆ. ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಕರೆಸಿ, ಇಲ್ಲದಿದ್ದರೆ ಮುಂದಿನ ಚಕ್ರ ಎತ್ತಿಸಿ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಗೇರ್ ಲಿವರಿನ ಪಿ (ಪಾರ್ಕಿಂಗ್). ಪಿ ಅಂದರೆ ಒಳಗೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುವ ಬೆರಳುದ್ದದ ಒಂದು ಕೊಂಡಿ. ಒಂದೂವರೆ ಟನ್ನನ್ನು ಅದರ ಮೇಲೆ ನೇತುಹಾಕಬೇಡಿ.

ಕೊನೆಯ ಪ್ರಶ್ನೆ ಒಬ್ಬ ತಾಯಿಯವರದ್ದು. ಎಡಮೊಣಕಾಲು ನೋವು, ಕ್ಲಚ್ ಒತ್ತಲಾಗುವುದಿಲ್ಲ, ದಿನಾ ದಾವಣಗೆರೆಯಿಂದ ಹರಿಹರಕ್ಕೆ ಶಾಲೆ ಕೆಲಸಕ್ಕೆ ಹೋಗಬೇಕು, ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಸೆಡಾನ್ ತಗೊಳ್ಳಬೇಕು ಅಂತಿದ್ದಾರೆ. “ನೋಡೋಕೆ ಹೋದಾಗ ಏನು ನೋಡಲಿ?” ಅಂತ ಕೇಳಿದ್ದಾರೆ.

ಅಮ್ಮ, ನಿಮ್ಮ ಓಡಾಟಕ್ಕೆ ಟಾರ್ಕ್ ಕನ್ವರ್ಟರ್ ಇಲ್ಲವೇ ಅದು ಸೇರಿರುವ ಸಿವಿಟಿ ನೋಡಿ. ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ ಹೋಗಿ. ಹೋದ ತಕ್ಷಣ ಬೋನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಅವರು ನಿಮಗಿಂತ ಮೊದಲೇ ಓಡಿಸಿ ತಂದಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಾಕ್ಸಿನ ಕೆಲವು ಕಾಯಿಲೆ ಆಯಿಲ್ ತಣ್ಣಗಿದ್ದಾಗ ಮಾತ್ರ ಕಾಣುತ್ತೆ, ಕೆಲವು ಬಿಸಿಯಾದಾಗ ಮಾತ್ರ. ಎರಡೂ ನೋಡಬೇಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎಂಜಿನ್ನಿನ ಸದ್ದು ಇಳಿಯುವವರೆಗೆ ಕಾದು, ಬ್ರೇಕ್ ಒತ್ತಿಕೊಂಡು ಪಿಯಿಂದ ಆರ್‌ಗೆ (ರಿವರ್ಸ್) ಹಾಕಿ, ಆಮೇಲೆ ಡಿಗೆ (ಡ್ರೈವ್). ಹಾಕಿದ ಕೂಡಲೇ ಕಾರು ಮೆಲ್ಲಗೆ ಹಿಡಿಯಬೇಕು. ಹಾಕಿ, ಒಂದೆರಡು ಸೆಕೆಂಡ್ ಏನೂ ಆಗದೆ, ಆಮೇಲೆ ಧಡ್ ಅಂತ ಹಿಡಿದರೆ ಒಳಗೆ ಒತ್ತಡ ತಡವಾಗಿ ಏರುತ್ತಿದೆ ಅಂತ ಅರ್ಥ. ಎಸಿ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಊರೊಳಗೆ ಅರ್ಧ ಗಂಟೆ ನಿಧಾನಕ್ಕೆ ಓಡಿಸಿ. ನಿಂತಲ್ಲಿಂದ ಹೊರಡುವಾಗ ಸೀಟಿನ ಬೆನ್ನಿಗೆ ನಡುಕ ಸಿಗುತ್ತಾ ನೋಡಿ. ಆಮೇಲೆ ಬೈಪಾಸಿಗೆ ಹೋಗಿ ಒಂದೇ ಸಮ ರೇಸ್ ಕೊಡಿ. ಸಿವಿಟಿಯಲ್ಲಿ ಆರ್‌ಪಿಎಂ ಮೊದಲು ಏರಿ ವೇಗ ಹಿಂದೆ ಬರುವುದು ಅದರ ಸ್ವಭಾವ, ಅದಕ್ಕೆ ಹೆದರಬೇಡಿ. ಆರ್‌ಪಿಎಂ ಏರುತ್ತಲೇ ಹೋಗಿ ವೇಗ ನಿಂತಲ್ಲೇ ನಿಂತರೆ ಅದು ಜಾರುವುದು. ವಾಪಸ್ ಬಂದು ಬಿಸಿಯಲ್ಲೇ ಮತ್ತೊಮ್ಮೆ ಪಿ, ಆರ್, ಡಿ.

ಕೊನೆಗೆ ಸರ್ವೀಸ್ ಬಿಲ್ಲುಗಳನ್ನು ಕೇಳಿ. ಎಂಜಿನ್ ಆಯಿಲ್ ಬಿಲ್ಲು ಎಲ್ಲರೂ ತೋರಿಸುತ್ತಾರೆ. ನಿಮಗೆ ಬೇಕಾದ್ದು ಗೇರ್‌ಬಾಕ್ಸ್ ಆಯಿಲಿನದು, ಅದರಲ್ಲಿ ಆಯಿಲ್‌ನ ಹೆಸರು ಬರೆದಿರುವುದು. ಅಂಥ ಒಂದು ಬಿಲ್ಲಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ಬಿಲ್ಲೇ ಇಲ್ಲ, ಕಾರು ಮಾತ್ರ ಚೆನ್ನಾಗಿದೆ ಅನಿಸಿದರೆ, ಡ್ರೈನ್ ಬೋಲ್ಟ್ ಬಿಚ್ಚಿಸಲು ಒಪ್ಪುತ್ತಾರಾ ಕೇಳಿ. ಆಯಿಲ್‌ನ ಖರ್ಚು ನಾನೇ ಕೊಡುತ್ತೇನೆ ಅನ್ನಿ. ಒಪ್ಪಿದರೆ ನಮ್ಮ ಗ್ಯಾರೇಜಿಗೇ ಕರ್ಕೊಂಡು ಬನ್ನಿ, ಮ್ಯಾಗ್ನೆಟ್ ನೋಡಿ ಹೇಳುತ್ತೇನೆ.